ಕವಳದ ಬಟ್ಟಲಿನ ಗುಳಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾರ ಮನೆಯ ಜಗಲಿ ಹತ್ತಿದರೂ ಮೊದಲು ಕಾಲಿಗೆ ನೀರು, ಆಮೇಲೆ "ಆಸರಿಗೆ ಎಂತ ಬೇಕು?" ಎಂಬ ಮಾತು, ಅದು ಮುಗಿದ ಮೇಲೆ ಕವಳದ ಬಟ್ಟಲು. ಬಟ್ಟಲಲ್ಲಿ ಎಲೆ, ಹೋಳು ಮಾಡಿದ ಅಡಿಕೆ, ಸುಣ್ಣದ ಡಬ್ಬಿ, ಅಡಕತ್ತರಿ, ಹಾಕುವವರಿದ್ದರೆ ಒಂದು ಎಸಳು ತಂಬಾಕು. ನಾನು ಸಣ್ಣವನಿದ್ದಾಗ ಇಷ್ಟೇ ಇರುತ್ತಿತ್ತು. ಈಗ ಮನೆಮನೆಯಲ್ಲಿ ಆ ಬಟ್ಟಲಿಗೆ ಇನ್ನೊಂದು ವಸ್ತು ಸೇರಿದೆ, ಗುಳಿಗೆ ಚೀಟಿ. ಊಟ ಆದಮೇಲೆ ಹಿರಿಯರು ಕೈ ಹಾಕುವುದು ಹೇಗೂ ಅಲ್ಲಿಗೇ. ಅಲ್ಲಿಟ್ಟರೆ ಮರೆಯುವುದಿಲ್ಲ ಎಂದು ಮನೆಯ ಹೆಂಗಸರು ಕಂಡುಕೊಂಡ ಉಪಾಯ. ಮೊದಲು ಗುಳಿಗೆ, ಮೇಲೆ ಕವಳ.

ಆ ಗುಳಿಗೆಗಳಿಗೆ ನಮ್ಮಲ್ಲಿ ಹೆಸರಿಲ್ಲ. "ಬಿಪಿದು", "ಶುಗರಿಂದು", "ರಕ್ತ ತೆಳು ಆಪದು", "ಹಾರ್ಟಿಂದು" ಎಂದಷ್ಟೇ ಕರೆಯುತ್ತೇವೆ. ಅದೂ ಬೇಡವೆಂದರೆ ಕೆಂಪು ಗುಳಿಗೆ, ಅರ್ಧ ಗುಳಿಗೆ, ರಾತ್ರಿ ಗುಳಿಗೆ. ಅದೇ ಜನ ಅಡಿಕೆಯ ವಿಷಯಕ್ಕೆ ಬಂದರೆ ರಾಶಿ ಯಾವುದು, ಬೆಟ್ಟೆ ಯಾವುದು, ಚಾಲಿ, ಕೆಂಪುಗೋಟು, ಬಿಳೆಗೋಟು ಯಾವುದು ಎಂದು ಬೆರಳಲ್ಲಿ ಒಮ್ಮೆ ಹೊರಳಿಸಿ ಹೇಳುತ್ತಾರೆ. 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರರ ಸೇಲ್ ಸೊಸೈಟಿಯ ವ್ಯಾಪಾರದಂಗಳದಲ್ಲಿ ನಿಂತು ರಾಶಿಯಲ್ಲಿ ಸೇರಿದ ಒಂದು ಹಾಳು ಅಡಿಕೆಯನ್ನು ದೂರದಿಂದಲೇ ಗುರುತಿಸುವ ಕಣ್ಣು ಅದು. ಅಷ್ಟು ಚುರುಕಾದ ಕಣ್ಣು ದಿನಕ್ಕೆ ಎರಡು ಸಲ ಬಾಯಿಗೆ ಹಾಕುವ ಗುಳಿಗೆಯ ಮೇಲೆ ಮಾತ್ರ ನಿಲ್ಲುವುದಿಲ್ಲ. ಇದನ್ನು ನಾನು ಕಲಿತದ್ದು ನಮ್ಮ ದೊಡ್ಡಪ್ಪನ ನಾಲಿಗೆಯಿಂದ.

ನಮ್ಮಲ್ಲಿ ತೋಟ ಕೆಳಗೆ, ಮನೆ ಮೇಲೆ. ಎಪ್ಪತ್ತು ದಾಟಿದ ದೊಡ್ಡಪ್ಪ ತೋಟದಿಂದ ಏರು ಹತ್ತುವಾಗ ಸಂಕದ ಹತ್ತಿರ ನಿಲ್ಲತೊಡಗಿದ. ನಿಂತರೆ ಸರಿ, ನಡೆದರೆ ಎದೆ ಹಿಡಿಯುವುದು. "ಎದೆ ಮೇಲೆ ಅಡಿಕೆ ಮೂಟೆ ಹೇರಿದಾಂಗೆ ಆಗ್ತು" ಎಂದ. ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಆಂಜಿಯೋಗ್ರಾಂ ಮಾಡಿ, ನಾಳಗಳು ಸಣ್ಣಗಿವೆ, ಸ್ಟೆಂಟ್ ಹಾಕುವ ಜಾಗವಲ್ಲ, ಔಷಧದಲ್ಲೇ ನೋಡೋಣ ಎಂದರು. ಬರೆದುಕೊಟ್ಟದ್ದರಲ್ಲಿ ಒಂದು ನಿಕೊರಾಂಡಿಲ್ ಎಂಬ ಗುಳಿಗೆ. ಮೊದಲು 10 ಮಿಲಿಗ್ರಾಂ ಬೆಳಿಗ್ಗೆ ಒಂದು, ರಾತ್ರಿ ಒಂದು. ಆಮೇಲೆ ಅದು 20 ಆಯಿತು. ಗುಳಿಗೆ ಕೆಲಸ ಮಾಡಿತು, ಅದನ್ನು ಹೇಳಲೇಬೇಕು. ದೊಡ್ಡಪ್ಪ ಸಂಕ ದಾಟಿ ನಿಲ್ಲದೆ ಮನೆಗೆ ಬರತೊಡಗಿದ. ಆ ವರ್ಷದ ಕೊನೆಕೊಯ್ಲಿಗೆ ತೋಟಕ್ಕಿಳಿದು ಕೊನೆಗೌಡನ ಜೊತೆ ಮರಮರಕ್ಕೂ ತಾನೇ ಓಡಾಡಿದ.

ಗುಳಿಗೆ 20 ಆದ ನಾಲ್ಕನೇ ತಿಂಗಳಿಗೆ ನಾಲಿಗೆಯ ಎಡಬದಿಯಲ್ಲಿ ಒಂದು ಹುಣ್ಣು ಎದ್ದಿತು.

ಬಾಯಿಹುಣ್ಣು ನಮ್ಮಲ್ಲಿ ರೋಗವೆಂದು ಎಣಿಕೆಯೇ ಅಲ್ಲ. ಅದು ಉಷ್ಣ. ಉಷ್ಣಕ್ಕೆ ತಂಪು. ದೊಡ್ಡಾಯಿ ಒಂದೆಲಗದ ತಂಬುಳಿ ಶುರು ಮಾಡಿದಳು. ಒಂದು ವಾರ ಕಳೆದ ಮೇಲೆ ನೆಲ್ಲಿಚೆಟ್ಟಿನದು, ಆಮೇಲೆ ದೊಡ್ಡಪತ್ರೆಯದು. ಬೆಳಿಗ್ಗೆ ಪೇರಲೆ ಕುಡಿ ಅಗಿದದ್ದಾಯಿತು, ಜಾಜಿ ಎಲೆ ಅಗಿದದ್ದಾಯಿತು, ಬೆಣ್ಣೆ ಹಚ್ಚಿದ್ದಾಯಿತು, ಜೇನು ಹಚ್ಚಿದ್ದಾಯಿತು. ಈ ಉಪಚಾರಗಳನ್ನು ನಾನು ಹಗುರವಾಗಿ ನೋಡುವವನಲ್ಲ. ಸಾಧಾರಣ ಹುಣ್ಣಾದರೆ ಹತ್ತು ಹನ್ನೆರಡು ದಿನದಲ್ಲಿ ಹೇಗೂ ಮಾಯುತ್ತದೆ. ಅಷ್ಟು ದಿನ ನಾಲಿಗೆಗೆ ತಂಪಾದ, ಖಾರವಿಲ್ಲದ ಊಟ ಸಿಕ್ಕರೆ ಅದೇ ದೊಡ್ಡ ಸಮಾಧಾನ. ಆದರೆ ಇದು ಮಾಯುವ ಲಕ್ಷಣ ತೋರಿಸಲಿಲ್ಲ. ಟಾರ್ಚ್ ಹಿಡಿದು ನಾನೇ ನೋಡಿದೆ. ಅಡಿಕೆ ಹೋಳಿನಷ್ಟು ಅಗಲ, ಅಂಚು ಚೂರಿಯಲ್ಲಿ ಕೊರೆದ ಹಾಗೆ ನೆಟ್ಟಗೆ, ನಡುವೆ ಹಳದಿ ಬಿಳುಪು, ಆಳ. ಹಲಸಿನ ಹಪ್ಪಳ ಮುಟ್ಟುವ ಹಾಗಿಲ್ಲ. ಅಪ್ಪೆಹುಳಿಯ ಪಾತ್ರೆ ಒಲೆಯ ಮೇಲಿದ್ದರೆ ದೊಡ್ಡಪ್ಪ ಅಡುಗೆಮನೆಯಿಂದ ಎದ್ದು ಜಗಲಿಗೆ ಹೋಗುತ್ತಿದ್ದ. ಮಲೆನಾಡಿನಲ್ಲಿ ಹುಟ್ಟಿದವನಿಗೆ ಅಪ್ಪೆಮಿಡಿಯ ಪರಿಮಳ ಮೂಗಿಗೆ ಬಂದು ಬಾಯಿಗೆ ಬರದಿರುವುದು ಎಂಥ ಶಿಕ್ಷೆ ಎಂದು ಹೊರಗಿನವರಿಗೆ ವಿವರಿಸುವುದು ಕಷ್ಟ. ಒಂದೂವರೆ ತಿಂಗಳಲ್ಲಿ ಆರು ಕೆಜಿ ಇಳಿದ.

ಆಮೇಲೆ ಡಾಕ್ಟರುಗಳ ಸರದಿ. ಒಬ್ಬರು ಬಿ ಕಾಂಪ್ಲೆಕ್ಸ್ ಕೊಟ್ಟರು. ಹಲ್ಲಿನ ಡಾಕ್ಟರು ದವಡೆ ಹಲ್ಲಿನ ಚೂಪನ್ನು ಉಜ್ಜಿ ನಯ ಮಾಡಿದರು. ಮತ್ತೊಬ್ಬರು ಹಚ್ಚಲಿಕ್ಕೆ ಮುಲಾಮು ಕೊಟ್ಟರು. ಎಲ್ಲರೂ ಕೇಳಿದ ಪ್ರಶ್ನೆ ಒಂದೇ, "ಕವಳ ಹಾಕ್ತೀರಾ?" ದೊಡ್ಡಪ್ಪ ತಲೆ ತಗ್ಗಿಸುತ್ತಿದ್ದ. ಹದಿನೆಂಟನೇ ವಯಸ್ಸಿನಿಂದ ಹಾಕಿದ ಕವಳ. "ಬಿಟ್ಟು ಇಪ್ಪತ್ತು ದಿನಾತು, ಹುಣ್ಣು ಹೋಗ್ತೇ ಇಲ್ಲೆ" ಎಂದರೆ ಯಾರೂ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಆ ಪ್ರಶ್ನೆ ತಪ್ಪೆಂದು ನಾನು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು, ತಂಬಾಕು ಸೇರಿದ ಕವಳವನ್ನು, ತಂಬಾಕು ಇಲ್ಲದ ಕವಳವನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಅಡಿಕೆಯ ದುಡ್ಡಿನಲ್ಲೇ ಓದಿ, ಅಡಿಕೆಯ ದುಡ್ಡಿನಲ್ಲೇ ಮದುವೆ ಮುಂಜಿ ಮಾಡಿದ ನಮಗೆ ಈ ಮಾತು ಎದೆಗೆ ನಾಟುತ್ತದೆ. ನಾಟಿದರೂ ಬಾಯಿಯ ವಿಷಯದಲ್ಲಿ ಅದನ್ನು ಕೇಳಿಸಿಕೊಳ್ಳಲೇಬೇಕು. ಎರಡು ಮೂರು ವಾರಕ್ಕೆ ಮಾಯದ ಹುಣ್ಣನ್ನು, ಕವಳ ಹಾಕುವವನಾಗಲಿ ಹಾಕದವನಾಗಲಿ, ಡಾಕ್ಟರಿಗೆ ತೋರಿಸಬೇಕು. ಅಲ್ಲಿ ಮೊದಲ ಅನುಮಾನ ಕ್ಯಾನ್ಸರಿನ ಮೇಲೆ ಹೋಗುವುದೇ ಸರಿ.

ಹಾಗೇ ಆಯಿತು. ಹುಣ್ಣಿನ ಅಂಚಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರಲು ಹನ್ನೊಂದು ದಿನ. ಆ ಹನ್ನೊಂದು ದಿನದಲ್ಲಿ ದೊಡ್ಡಪ್ಪ ಸೊಸೈಟಿಯ ಪಾಸ್‌ಬುಕ್ಕು, ತೋಟದ ಪಹಣಿ, ವಿಮೆಯ ಕಾಗದ ಎಲ್ಲ ಒಂದು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟ. ಏನೂ ಹೇಳಲಿಲ್ಲ, ನಾನೂ ಏನೂ ಕೇಳಲಿಲ್ಲ. ಚೀಲವನ್ನು ಅಟ್ಟದ ಮೇಲಿಟ್ಟು ಬಂದೆ. ವರದಿ ಬಂತು, ಕ್ಯಾನ್ಸರ್ ಇಲ್ಲ. ದೊಡ್ಡಾಯಿ ಆ ಸಂಜೆ ದೇವರ ಮುಂದೆ ಎರಡು ದೀಪ ಹಚ್ಚಿದಳು. ಆದರೆ ಹುಣ್ಣು ಇದ್ದಲ್ಲೇ ಇತ್ತು.

ಬಗೆಹರಿದದ್ದು ಜ್ವರದ ನೆಪದಲ್ಲಿ. ದೊಡ್ಡಪ್ಪನಿಗೆ ಥಂಡಿ ಜ್ವರ ಬಂದು ಹತ್ತಿರದ ಆಸ್ಪತ್ರೆಗೆ ಹೋಗಿದ್ದೆವು. ಅಲ್ಲಿಗೆ ಹೊಸದಾಗಿ ಬಂದಿದ್ದ, ಇನ್ನೂ ಮೂವತ್ತು ದಾಟದ ಡಾಕ್ಟರಮ್ಮ ಗಂಟಲು ನೋಡಲು ಬಾಯಿ ತೆರೆಸಿದವರು ಹುಣ್ಣು ನೋಡಿ ಸುಮ್ಮನಾದರು. "ಅಜ್ಜಾರೇ, ನೀವು ತಗೊಳ್ಳೋ ಗುಳಿಗೆ ಎಲ್ಲ ತಂದಿದ್ದೀರಾ?" ಎಂದರು. ತಂದಿರಲಿಲ್ಲ. ನಾನು ಮನೆಗೆ ಫೋನ್ ಮಾಡಿದೆ. ದೊಡ್ಡಾಯಿ ಕವಳದ ಬಟ್ಟಲಿನಿಂದ ಒಂದೊಂದೇ ಚೀಟಿ ಎತ್ತಿ, ಬೆನ್ನ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಕನ್ನಡಕದೊಳಗಿಂದ ಕೂಡಿಸಿ ಕೂಡಿಸಿ ಓದಿದಳು. ನಾಲ್ಕನೆಯದಕ್ಕೆ ಡಾಕ್ಟರಮ್ಮ "ಅದೇ" ಎಂದರು.

ನಿಕೊರಾಂಡಿಲ್ ಜಪಾನಿನ ಚುಗಾಯ್ ಕಂಪನಿಯ ಮದ್ದು. 1984ರಲ್ಲಿ ಅಲ್ಲಿ ಮಾರಾಟಕ್ಕೆ ಬಂತು, 1994ರಲ್ಲಿ ಬ್ರಿಟನ್ನಿಗೆ. ಅಮೆರಿಕದಲ್ಲಿ ಇದಕ್ಕೆ ಇಂದಿಗೂ ಪರವಾನಗಿ ಇಲ್ಲ, ನಮ್ಮ ದೇಶದಲ್ಲಿ ಧಾರಾಳವಾಗಿ ಬರೆಯುತ್ತಾರೆ. ಇದರ ಕೆಲಸ ಎರಡು ಬಗೆಯದು. ನಾಲಿಗೆಯಡಿಗೆ ಇಡುವ ಸಾರ್ಬಿಟ್ರೇಟ್ ಹಾಗೆ ನಾಳಗಳನ್ನು ಸಡಿಲಿಸುವುದು ಒಂದು. ಜೀವಕೋಶದ ಪೊಟ್ಯಾಸಿಯಂ ಬಾಗಿಲು ತೆರೆದು ಸಣ್ಣ ನಾಳಗಳನ್ನೂ ಅಗಲ ಮಾಡುವುದು ಇನ್ನೊಂದು. ಈ ಎರಡನೆಯ ಗುಣಕ್ಕಾಗಿಯೇ ಇದಕ್ಕೆ ಬೆಲೆ. 1997ರಲ್ಲಿ ಫ್ರಾನ್ಸಿನ ವೈದ್ಯರು ಈ ಗುಳಿಗೆ ನುಂಗುವವರ ಬಾಯಲ್ಲಿ ದೊಡ್ಡ ದೊಡ್ಡ ಹುಣ್ಣು ಕಂಡು ಬರೆದರು. 2002ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ಲೇಖನ ಬಂದವು. ಒಂದು 5126 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯದು, ಈ ಗುಳಿಗೆಯಿಂದ ಹೃದಯಕ್ಕೆ ಲಾಭವಿದೆ ಎಂದು ತೋರಿಸಿದ್ದು. ಇನ್ನೊಂದು ಬ್ರಿಟನ್ನಿನ ಶಸ್ತ್ರವೈದ್ಯರು ಬರೆದ ಪುಟ್ಟ ವರದಿ, ಇದೇ ಗುಳಿಗೆಯಿಂದ ಗುದದಲ್ಲಿ ಹುಣ್ಣಾದ ರೋಗಿಗಳದು. ಒಂದೇ ವರ್ಷ, ಒಂದೇ ಪತ್ರಿಕೆ. ಎರಡೂ ನಿಜ. ದೊಡ್ಡಪ್ಪನ ಒಂದೇ ಮೈಯಲ್ಲಿ ಆ ಎರಡು ಲೇಖನಗಳೂ ನಡೆದುಹೋಗಿದ್ದವು, ಸಂಕ ದಾಟಿದ ಕಾಲಿನಲ್ಲಿ ಒಂದು, ನಾಲಿಗೆಯಲ್ಲಿ ಇನ್ನೊಂದು.

ಈ ಹುಣ್ಣಿನ ಸ್ವಭಾವ ತಿಳಿದಿರಬೇಕು. ಗುಳಿಗೆ ಶುರುವಾದ ಕೂಡಲೇ ಬರಬಹುದು, ವರ್ಷಗಳ ಮೇಲೂ ಬರಬಹುದು. ವರ್ಷಗಟ್ಟಲೆ ಏನೂ ಮಾಡದ ಗುಳಿಗೆಯನ್ನು ಯಾರು ಅನುಮಾನಿಸುತ್ತಾರೆ? ಪ್ರಮಾಣ ಹೆಚ್ಚಾದವರಲ್ಲಿ ಹೆಚ್ಚು. ಮುಲಾಮಿಗೆ ಬಗ್ಗುವುದಿಲ್ಲ, ಗುಳಿಗೆ ನಿಂತರೆ ಮಾತ್ರ ಮಾಯುತ್ತದೆ. ಬಾಯಲ್ಲಷ್ಟೇ ಅಲ್ಲ, ಕರುಳಿನಲ್ಲಿ, ಚರ್ಮದ ಮೇಲೆ, ಕಣ್ಣಿನಲ್ಲೂ ಆಗಬಹುದು. ಕರುಳಿನಲ್ಲಾದರೆ ತೂತು ಬೀಳುವವರೆಗೂ ಹೋಗಬಹುದು. ಜೊತೆಗೆ ಆಸ್ಪಿರಿನ್ ಇದ್ದರೆ ಆ ಅಪಾಯ ಇನ್ನೂ ಹೆಚ್ಚು, ಹೃದಯದ ರೋಗಿಗಳಲ್ಲಿ ಆಸ್ಪಿರಿನ್ ಇಲ್ಲದವರೇ ಅಪರೂಪ. ಇದನ್ನೆಲ್ಲ ನೋಡಿಯೇ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2016ರ ಜನವರಿಯಲ್ಲಿ, ಎದೆನೋವಿಗೆ ಇದನ್ನು ಮೊದಲ ಮದ್ದಾಗಿ ಕೊಡಬೇಡಿ, ಬೇರೆ ಮದ್ದು ಹಿಡಿಸದಿದ್ದರೆ ಮಾತ್ರ ಕೊಡಿ, ಹುಣ್ಣಾದರೆ ನಿಲ್ಲಿಸಿ ಎಂದು ಸೂಚನೆ ಕೊಟ್ಟಿತು.

ಗುದದ ಹುಣ್ಣಿನ ಮಾತು ಬಂತು. ಇದನ್ನು ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಬಾಯಿಯದನ್ನು ಊರಿಗೆಲ್ಲ ತೋರಿಸುತ್ತಾರೆ, ಇದನ್ನು ಗಂಡ ಹೆಂಡತಿಗೂ ಹೇಳುವುದಿಲ್ಲ. ಹೇಳಿದರೂ ಅದಕ್ಕೆ ಮೂಲವ್ಯಾಧಿ ಎಂಬ ಹೆಸರು ಸಿದ್ಧವಾಗಿದೆ. ಸುವರ್ಣಗಡ್ಡೆ ತಿನ್ನು, ಮಜ್ಜಿಗೆ ಕುಡಿ, ಇಂಥ ಊರಿನಲ್ಲಿ ಔಷಧ ಕೊಡುವವರಿದ್ದಾರೆ ಹೋಗು. ಕೊಯ್ಯಿಸಿಕೊಂಡರಂತೂ ಆ ಗಾಯವೂ ಮಾಯದೆ ಉಳಿಯುತ್ತದೆ, ಕಾರಣ ಬಟ್ಟಲಿನಲ್ಲೇ ಇರುತ್ತದಲ್ಲ. ಹೃದಯದ ಗುಳಿಗೆ ನುಂಗುವ ಅಜ್ಜಿಯೊಬ್ಬಳು ಕೂರಲಾರದೆ ಜಗಲಿ ಕಂಬಕ್ಕೆ ಒರಗಿ ನಿಂತೇ ಮಾತಾಡುತ್ತಿದ್ದರೆ, ಮನೆಯವರು ನಾಚಿಕೆ ಬಿಟ್ಟು ಕೇಳಬೇಕು.

ಮದ್ದು ಒಂದು ಕಡೆ ಕಟ್ಟಿ ಇನ್ನೊಂದು ಕಡೆ ಕೆದರುವ ಕತೆ ಹಳೆಯದು. ಆಸ್ಪಿರಿನ್ ಹೊಟ್ಟೆಯ ಒಳಪದರವನ್ನು ಕೆಡಿಸುತ್ತದೆ ಎಂದು 1938ರಲ್ಲಿ ಇಂಗ್ಲೆಂಡಿನ ಇಬ್ಬರು ವೈದ್ಯರು ನಳಿಗೆ ಇಳಿಸಿ ಕಣ್ಣಾರೆ ಕಂಡರು. ಯಾಕೆ ಹಾಗೆ ಎಂದು ಜಾನ್ ವೇನ್ 1971ರಲ್ಲಿ ಬಿಡಿಸಿ ತೋರಿಸಿ, 1982ರಲ್ಲಿ ನೊಬೆಲ್ ಹಂಚಿಕೊಂಡರು. ನಮ್ಮ ಘಟ್ಟದ ಕಾಡಿನಲ್ಲೇ ಬೆಳೆಯುವ ಸರ್ಪಗಂಧದ ಬೇರಿನದೂ ಇದೇ ಕತೆ. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ, ಈ ಬೇರು ರಕ್ತದೊತ್ತಡ ಇಳಿಸುತ್ತದೆ ಎಂದು ಬರೆದು ಜಗತ್ತಿನ ಕಣ್ಣು ತೆರೆಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ತೆಗೆದರು. ಆ ರಿಸರ್ಪಿನ್ ಹೊಟ್ಟೆಯ ಆಮ್ಲ ಹೆಚ್ಚಿಸುತ್ತದೆ, ಜಠರದ ಹುಣ್ಣಿದ್ದವರಿಗೆ ಕೊಡಬಾರದು ಎಂಬ ಎಚ್ಚರಿಕೆ ಹಿಂದೆಯೇ ಬಂತು. ಬೇರಿನಿಂದ ಬಂದದ್ದಕ್ಕೆ ದೋಷವಿಲ್ಲ, ಕಾರ್ಖಾನೆಯಿಂದ ಬಂದದ್ದಕ್ಕೆ ಮಾತ್ರ ದೋಷ ಎಂದು ವಾದಿಸುವ ನೆಂಟರು ನಮ್ಮಲ್ಲಿ ಬಹಳ ಇದ್ದಾರೆ. ಅವರಿಗಾಗಿ ಇದನ್ನು ಹೇಳಿದೆ.

ಅಡಿಕೆ ಬೆಳೆಯುವವನಿಗೆ ಇದು ಹೊಸ ಪಾಠವಾಗಬೇಕಾಗಿಲ್ಲ. ಮರಕ್ಕೆ ಹೊಡೆಯುವುದನ್ನೂ ನಾವು ಮದ್ದು ಎಂದೇ ಕರೆಯುತ್ತೇವೆ. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ 1885ರ ಹೊತ್ತಿಗೆ ಹೊರಬಂದ ಬೋರ್ಡೋ ದ್ರಾವಣವನ್ನು, 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಹಿಡಿಸಿ ತೋರಿಸಿದ ಮೇಲೆ ನಮ್ಮ ತೋಟಗಳು ಉಳಿದವು. ನೂರು ಲೀಟರು ನೀರು, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಕಡಿಮೆಯಾದರೆ ಅದೇ ಮದ್ದು ಎಳೆಮಿಡಿಯನ್ನು ಸುಡುತ್ತದೆ. ಅದಕ್ಕೇ ದೊಡ್ಡಪ್ಪ ಪ್ರತಿ ಮಳೆಗಾಲದಲ್ಲಿ ಬ್ಯಾರಲ್ಲಿಗೆ ಹೊಳಪು ಮಾಡಿದ ಕತ್ತಿ ಅದ್ದಿ ಎತ್ತಿ, ಬಿಸಿಲಿಗೆ ಹಿಡಿದು, ಅಲಗು ತಾಮ್ರದ ಬಣ್ಣಕ್ಕೆ ತಿರುಗಿತೋ ಎಂದು ನೋಡುತ್ತಿದ್ದ. ತಿರುಗಿದರೆ ಇನ್ನಷ್ಟು ಸುಣ್ಣ. ಮರದ ಮದ್ದಿಗೆ ಇಷ್ಟು ಜೋಪಾನ. ಡಾಕ್ಟರಮ್ಮ ಹೇಳಿದ್ದನ್ನು ಕೇಳಿ ಬಂದ ರಾತ್ರಿ ದೊಡ್ಡಪ್ಪನೇ ಅಂದ, "ತಮಾ, ಕತ್ತಿ ಅದ್ದಿ ನೋಡದು ಎಂಗೆ ಹೊಳದ್ದೇ ಇಲ್ಲೆ."

ತಪ್ಪು ಅವನದ್ದು ಮಾತ್ರ ಅಲ್ಲ. ನಮ್ಮ ಸೀಮೆಯ ದೂರವೇ ಹಾಗಿದೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್, ಸಿದ್ದಾಪುರದವರಿಗೆ ಅದರ ಮೇಲೆ ಇನ್ನೂ ಒಂದು ತಾಸಿನ ದಾರಿ, ಯಲ್ಲಾಪುರದವರಿಗೆ ಎಪ್ಪತ್ತರ ಸುಮಾರು. ಇಲ್ಲವೇ ಘಟ್ಟ ಇಳಿದು ಮಣಿಪಾಲ, ಮಂಗಳೂರು. ಹೃದಯ ನೋಡುವವರು ಒಂದು ಊರಿನಲ್ಲಿ, ಬಾಯಿ ನೋಡುವವರು ಇನ್ನೊಂದು ಊರಿನಲ್ಲಿ, ಗುಳಿಗೆ ಮಾರುವವರು ಮೂರನೆಯ ಊರಿನಲ್ಲಿ. ಹೃದಯದ ಡಾಕ್ಟರು ಆರು ತಿಂಗಳಿಗೊಮ್ಮೆ ಐದು ನಿಮಿಷ ಸಿಕ್ಕಾಗ ನಾವು ಎದೆಯ ಮಾತಾಡುತ್ತೇವೆ, ನಾಲಿಗೆಯ ಮಾತಲ್ಲ. ಬಾಯಿಯ ಡಾಕ್ಟರಿಗೆ ಎದೆಯ ಕಾಗದ ತೋರಿಸುವುದಿಲ್ಲ. ಈ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು 2019ರಲ್ಲಿ ಹುಡುಗರು ಟ್ವಿಟರಿನಲ್ಲಿ ಕೂಗೆಬ್ಬಿಸಿದರು. 2022ರ ಜುಲೈಯಲ್ಲಿ ಶಿರೂರು ಟೋಲ್ ಹತ್ತಿರ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಮಗುಚಿ ಜೀವ ಹೋದಾಗ ಆ ಕೂಗು ಮತ್ತೆ ಎದ್ದಿತು. ಅಪಘಾತ, ಹೃದಯಾಘಾತದ ಹೊತ್ತಿಗೆ ಆ ದೂರ ಎಲ್ಲರ ಕಣ್ಣಿಗೆ ಕಾಣುತ್ತದೆ. ಒಂದು ನಾಲಿಗೆಯ ಹುಣ್ಣು ನಾಲ್ಕು ತಿಂಗಳು ಮಾಯದೆ ಉಳಿಯುವುದರಲ್ಲೂ ಅದೇ ದೂರವಿದೆ ಎಂದು ನನಗೆ ಈಗ ಅನ್ನಿಸುತ್ತದೆ.

ಡಾಕ್ಟರಮ್ಮ ಗುಳಿಗೆಯನ್ನು ತಾವೇ ನಿಲ್ಲಿಸಲಿಲ್ಲ. ಹೃದಯದ ಡಾಕ್ಟರಿಗೆ ನಮ್ಮೆದುರೇ ಫೋನ್ ಮಾಡಿದರು. ಅವರು ಒಪ್ಪಿ, ಅದರ ಬದಲು ಬೇರೊಂದನ್ನು ಬರೆಸಿದರು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈ ಕತೆ ಕೇಳಿದ ನಮ್ಮೂರ ಒಬ್ಬರು ಮರುದಿನವೇ ತಮ್ಮ ಎದೆಯ ಗುಳಿಗೆಗಳನ್ನೆಲ್ಲ ಬಿಡಲು ಹೊರಟಿದ್ದರು. ಹಾಗೆ ಬಿಡುವುದು ಹುಣ್ಣಿಗಿಂತ ದೊಡ್ಡ ಅಪಾಯ. ಈ ಗುಳಿಗೆಯಿಂದ ಹುಣ್ಣಾಗುವುದು ಅಪರೂಪ, ನುಂಗುವ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ನಿಲ್ಲಿಸುವುದಾದರೆ ಬರೆದುಕೊಟ್ಟವರನ್ನು ಕೇಳಿಯೇ ನಿಲ್ಲಿಸಬೇಕು.

ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಒಂದು ಫಾರಂ ತುಂಬಿದರು. ಮದ್ದಿನಿಂದಾದ ತೊಂದರೆಗಳನ್ನು ಲೆಕ್ಕವಿಡಲು ನಮ್ಮ ದೇಶದಲ್ಲಿ 2010ರಿಂದ ಒಂದು ಕಾರ್ಯಕ್ರಮವಿದೆ, ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. ಡಾಕ್ಟರೇ ಆಗಬೇಕೆಂದಿಲ್ಲ, ರೋಗಿಯೂ ಮನೆಯವರೂ ತಿಳಿಸಬಹುದು. ಉಚಿತ ದೂರವಾಣಿ 1800-180-3024. ನನಗೆ ಐವತ್ತು ದಾಟುವವರೆಗೂ ಇಂಥದ್ದೊಂದಿದೆ ಎಂದು ಗೊತ್ತಿರಲಿಲ್ಲ. ಫ್ರಾನ್ಸಿನ ಆ ವೈದ್ಯರು 1997ರಲ್ಲಿ ಒಂದೆರಡು ಬಾಯಿಗಳನ್ನು ನೋಡಿ ಬರೆಯದಿದ್ದರೆ, ನಮ್ಮ ಡಾಕ್ಟರಮ್ಮನಿಗೆ ಓದಲು ಏನೂ ಇರುತ್ತಿರಲಿಲ್ಲ. ಸಿದ್ದಾಪುರದ ಒಂದು ನಾಲಿಗೆಯೂ ಆ ಲೆಕ್ಕದಲ್ಲಿ ಸೇರಿದೆ ಎಂಬುದು ನನಗೆ ಸಣ್ಣ ಸಂಗತಿಯಲ್ಲ.

ಗುಳಿಗೆ ನಿಂತ ಮೊದಲ ವಾರಕ್ಕೆ ಉರಿ ಇಳಿಯಿತು. ಮೂರನೇ ವಾರಕ್ಕೆ ಅಂಚು ಮೆತ್ತಗಾಯಿತು. ಆರನೇ ವಾರ ಟಾರ್ಚ್ ಹಿಡಿದಾಗ ಅಲ್ಲೊಂದು ನಸುಬಿಳಿ ಗೆರೆ ಮಾತ್ರ ಉಳಿದಿತ್ತು. ದೊಡ್ಡಾಯಿ ಉಪ್ಪಿನಲ್ಲಿಟ್ಟ ಅಪ್ಪೆಮಿಡಿ ತೆಗೆದು ಹುಳಿ ಮಾಡಿದಳು. ದೊಡ್ಡಪ್ಪ ಮೂರು ಲೋಟ ಕುಡಿದ. ಕವಳವನ್ನು ಮಾತ್ರ ಮತ್ತೆ ಹಾಕಲಿಲ್ಲ, ಆ ಹನ್ನೊಂದು ದಿನ ಅವನಿಗೆ ಮರೆತಿಲ್ಲ.

ಈಗ ಆ ಬಟ್ಟಲಿನಲ್ಲಿ ಸುಣ್ಣದ ಡಬ್ಬಿಯ ಕೆಳಗೆ ಮಡಚಿದ ಒಂದು ಕಾಗದವಿದೆ. ಪ್ರತಿ ಗುಳಿಗೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾರು ಬರೆದದ್ದು, ಯಾವ ತಾರೀಕಿಗೆ ಶುರು, ಎಲ್ಲ ಕನ್ನಡದಲ್ಲಿ ನನ್ನ ಮಗಳು ಬರೆದದ್ದು. ನಿಮ್ಮ ಮನೆಯ ಹಿರಿಯರಿಗೂ ಇವತ್ತೇ ಅಂಥದ್ದೊಂದು ಬರೆದುಕೊಡಿ. ಮುಂದಿನ ಸಲ ಅವರನ್ನು ಯಾವ ನೋವಿಗೆ ಯಾವ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೂ ಆ ಕಾಗದವನ್ನೂ ಗುಳಿಗೆ ಚೀಟಿಗಳನ್ನೂ ಚೀಲಕ್ಕೆ ಹಾಕಿಕೊಂಡೇ ಹೊರಡಿ.